ಕೊಟ್ಟದ್ದೇನು, ಕೊಂಡದ್ದೇನು?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಆನವಟ್ಟಿಯ ನಮ್ಮ ಮನೆಗೆ ಬಂದನು. ಮುಖ ಬಾಡಿತ್ತು. ತರಗತಿಯಲ್ಲಿದ್ದಾಗಲೇ ಪ್ರಾಸ ಕಟ್ಟಿ ಮಾತನಾಡುವ ಹುಚ್ಚು ಅವನಿಗೆ. ಆ ಹುಚ್ಚಿಗೆ ಈಗ ರ‍್ಯಾಪ್ ಎಂಬ ಹೆಸರು ದೊರೆತಿದೆ. ಊರ ಕೆರೆಯ ಒತ್ತುವರಿಯನ್ನು ಕುರಿತು ಅವನು ಕಟ್ಟಿ ಹಾಡಿದ ಹಾಡನ್ನು ಸುತ್ತಲಿನ ಜನ ಫೋನಿನಲ್ಲಿ ಕೇಳಿ ಮೆಚ್ಚಿದ್ದರು. ಆ ಹಾಡು ಒಂದು ದಿನ ಇದ್ದಕ್ಕಿದ್ದಂತೆ ಅಂತರ್ಜಾಲದಿಂದ ಮಾಯವಾಯಿತು. ಅದರ ಹಿಂದಿನ ಸಂಗೀತವು ತನಗೆ ಸೇರಿದ್ದೆಂದು ಯಾರೋ ದೂರು ಕೊಟ್ಟಿದ್ದರು.

"ದುಡ್ಡು ಕೊಟ್ಟು ತಗೊಂಡ ಬೀಟ್, ಸರ್. ಅದು ನನ್ನದಲ್ವಾ?" ಎಂದನು.

"ಮಾರಿದವನು ನಿನ್ನ ಕೈಗೆ ಕೊಟ್ಟದ್ದೇನಯ್ಯಾ?" ಎಂದೆನು.

ಅವನು ಫೋನನ್ನು ಮುಂದೆ ಹಿಡಿದನು. ಅದರಲ್ಲಿ ಒಂದು ಧ್ವನಿಯ ಕಡತವಿತ್ತು. ಹಣ ಸಂದಾಯವಾದ ಸಂದೇಶವಿತ್ತು. ಮತ್ತೇನೂ ಇರಲಿಲ್ಲ.

ಬೀಟ್ ಎಂದರೆ ಬರಿಯ ತಾಳವಲ್ಲ. ಹಾಡುವವನ ಮಾತಿಗೆ ಎಡೆಬಿಟ್ಟು, ಮಿಕ್ಕ ವಾದ್ಯಗಳನ್ನೆಲ್ಲ ಹೊಂದಿಸಿ ಸಿದ್ಧಪಡಿಸಿದ ಸಂಗೀತ ಅದು. ಅದನ್ನು ರಚಿಸಿ ಮಾರುವವನನ್ನು ಪ್ರೊಡ್ಯೂಸರ್ ಎನ್ನುತ್ತಾರೆ. ಕಡಿಮೆ ಬೆಲೆಗೆ ಅವನು ಕೊಡುವುದು ಎಂಪಿ3 ಕಡತ; ಗಾತ್ರ ಇಳಿಸುವಾಗ ನಾದದ ಕೆಲವು ಅಂಶಗಳು ಅದರಲ್ಲಿ ಕಳೆದುಹೋಗಿರುತ್ತವೆ. ಇನ್ನಷ್ಟು ಕೊಟ್ಟರೆ ಏನೂ ಕಳೆಯದ ವೇವ್ ಕಡತ. ಅದಕ್ಕೂ ಹೆಚ್ಚು ಕೊಟ್ಟರೆ ಸ್ಟೆಮ್‌ಗಳು. ಅಂದರೆ ಮದ್ದಳೆ ಬೇರೆ, ತಂತಿ ಬೇರೆ, ಕೊಳಲು ಬೇರೆಯಾಗಿ ಬಿಡಿಸಿಟ್ಟ ಕಡತಗಳು. ಎಲ್ಲವೂ ಒಂದೇ ಕ್ಷಣದಿಂದ ಆರಂಭವಾಗುವುದರಿಂದ ಒಟ್ಟಿಗೆ ಇರಿಸಿದೊಡನೆ ಕೂಡಿಕೊಳ್ಳುತ್ತವೆ. ಹಾಡುಗಾರನು ತನ್ನ ಮಾತು ಕೇಳಿಸಬೇಕಾದಲ್ಲಿ ಯಾವುದನ್ನಾದರೂ ತಗ್ಗಿಸಬಹುದು. ಜೊತೆಗೆ ಲಯದ ವೇಗ, ಶ್ರುತಿಗಳ ವಿವರ.

ಇಷ್ಟೂ ಸಾಮಗ್ರಿಯೇ ಹೊರತು ಸ್ವತ್ತಲ್ಲ. ಸ್ವತ್ತು ಇರುವುದು ಪತ್ರದಲ್ಲಿ. ಒಂದು ಬೀಟಿನಲ್ಲಿ ಎರಡು ಹಕ್ಕುಗಳು ಅಡಗಿವೆ: ಸಂಗೀತ ರಚನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಕಡತ ಕೈಸೇರಿದ ಮಾತ್ರಕ್ಕೆ ಇವೆರಡರಲ್ಲಿ ಒಂದೂ ಕೈಸೇರುವುದಿಲ್ಲ. ಅಗ್ಗದ ಬೀಟುಗಳು ಸಾಮಾನ್ಯವಾಗಿ ಗೇಣಿಯ ರೀತಿಯವು. ವ್ಯತ್ಯಾಸವೆಂದರೆ, ಒಂದೇ ಹೊಲವನ್ನು ಏಕಕಾಲಕ್ಕೆ ಹತ್ತು ಮಂದಿಗೆ ಗೇಣಿಗೆ ಕೊಡಬಹುದು. ಆಮೇಲೆ ಹನ್ನೊಂದನೆಯವನು ಬಂದು ಅದನ್ನು ತನ್ನೊಬ್ಬನಿಗೇ ಎಂದು ಕೊಂಡರೆ, ಮೊದಲ ಹತ್ತು ಮಂದಿಯನ್ನು ಕಾಯುವುದು ಅವರ ಕೈಯಲ್ಲಿರುವ ಕಾಗದವೊಂದೇ. ನನ್ನ ವಿದ್ಯಾರ್ಥಿಯ ಬಳಿ ಇಲ್ಲದಿದ್ದುದು ಅದೇ.

ಮಾರುವವನು ತನ್ನದಲ್ಲದ್ದನ್ನು ಕೊಡಲಾರನೆಂಬುದೂ ಇಲ್ಲಿ ನೆನಪಿಡಬೇಕಾದ ಮಾತು. ಅಮೆರಿಕೆಯ ಲಿಲ್ ನಾಸ್ ಎಕ್ಸ್ ಎಂಬ ತರುಣನು 2018ರಲ್ಲಿ 30 ಡಾಲರಿಗೆ ಒಂದು ಬೀಟನ್ನು ಪಡೆದು 'ಓಲ್ಡ್ ಟೌನ್ ರೋಡ್' ಹಾಡಿದನು. 2019ರಲ್ಲಿ ಅದು ಆ ದೇಶದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಆದರೆ ಬೀಟನ್ನು ರಚಿಸಿದ ಡಚ್ ಹುಡುಗ ಯಂಗ್‌ಕಿಯೋ ಅದರೊಳಗೆ 'ನೈನ್ ಇಂಚ್ ನೇಲ್ಸ್' ತಂಡದ 2008ರ ಸಂಗೀತದ ತುಣುಕೊಂದನ್ನು ಬಳಸಿದ್ದನು. ಕೊನೆಗೆ ಆ ತಂಡದವರ ಒಪ್ಪಿಗೆ ಬೇಕಾಯಿತು. ಅವರ ಹೆಸರುಗಳೂ ಹಾಡಿನ ರಚನಕಾರರ ಸಾಲಿನಲ್ಲಿ ಸೇರಿದವು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ, ಬರಹದಲ್ಲಿಲ್ಲದ, ಕೊಡುವವನ ಸಹಿಯಿಲ್ಲದ ಹಕ್ಕು ವರ್ಗಾವಣೆಯು ಊರ್ಜಿತವಲ್ಲ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದನ್ನು ಪತ್ರದಲ್ಲಿ ಹೇಳಬೇಕು. ಕಾಲವನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ತಿಳಿಯಬೇಕು. ಚಿತ್ರಕ್ಕಾಗಿ ಮಾಡಿದ ಸಂಗೀತದ ಒಡೆಯನು ಚಿತ್ರ ನಿರ್ಮಾಪಕನೇ ಎಂದು 1977ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ಸಂಗೀತಗಾರರೂ ಕವಿಗಳೂ ಬಹುಕಾಲ ಬರಿಗೈಯಲ್ಲಿ ನಿಲ್ಲಬೇಕಾಯಿತು. 2012ರ ತಿದ್ದುಪಡಿಯು ಅವರ ಗೌರವಧನದ ಪಾಲನ್ನು ಕಾಯ್ದಿರಿಸಿತು.

ಇದನ್ನೆಲ್ಲ ಹೊಸ ಕಾಲದ ತೊಡಕೆಂದು ಭಾವಿಸಬೇಕಾಗಿಲ್ಲ. ನಮ್ಮ ನೆರೆಯ ಬಳ್ಳಿಗಾವಿ, ಕುಬಟೂರುಗಳಲ್ಲಿ ನಿಂತಿರುವ ಶಾಸನಗಳನ್ನು ವಾಚಕರು ಕಂಡಿರಬಹುದು. ನಮ್ಮ ನಾಡಿನ ದಾನಶಾಸನಗಳು ಭೂಮಿಯನ್ನು ಕೊಟ್ಟೆವೆಂದು ಹೇಳಿ ಸುಮ್ಮನಾಗುವುದಿಲ್ಲ, ಎಲ್ಲೆಕಟ್ಟನ್ನು ಹೇಳುತ್ತವೆ. ಅಷ್ಟಭೋಗವೆಂದು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳನ್ನು ಒಂದೊಂದಾಗಿ ಎಣಿಸುವುದುಂಟು. 'ಆಗಾಮಿ' ಎಂದರೆ ಇನ್ನು ಮುಂದೆ ಬರಲಿರುವುದು. ನೆಲ ಬೇರೆ, ನೆಲದಿಂದ ನಾಳೆ ಬರುವ ಫಲ ಬೇರೆ ಎಂಬ ವಿವೇಕವು ಆ ಕಲ್ಲು ಬರೆಯಿಸಿದವರಿಗಿತ್ತು. ಹಾಡಿನ ಆಗಾಮಿ ಯಾರದು? ನಮ್ಮ ಹುಡುಗರು ಕೇಳದೆ ಬಿಡುವ ಪ್ರಶ್ನೆ ಇದೇ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಸಹ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದಲೇ. ಕೊಡುವುದೆಷ್ಟು ಎಂಬುದನ್ನು ಬಲ್ಲಿದನ ಅಳತೆಗೆ ಬಿಟ್ಟರೆ ಏನಾಗುವುದೆಂದು ಈ ಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ವಿದ್ಯಾರ್ಥಿಯ ಹಾಡು ಮರಳಿ ಬರಲಿಲ್ಲ. ಅವನು ಅದೇ ಮಾತುಗಳನ್ನು ತನ್ನ ಊರಿನ ಡೊಳ್ಳಿನ ತಂಡದ ಬಡಿತದ ಮೇಲೆ ಹೊಸದಾಗಿ ಹಾಡಲು ನಿರ್ಧರಿಸಿದನು. ಪರಂಪರೆಯ ತಾಳಕ್ಕೆ ಒಡೆಯರಿಲ್ಲ. ಆದರೆ ಅದನ್ನು ಬಾರಿಸಿದವನಿಗೆ ತನ್ನ ಪ್ರದರ್ಶನದ ಮೇಲೆ ಕಾನೂನಿನಂತೆ ಹಕ್ಕುಂಟು. ಆದುದರಿಂದ ಈ ಸಲ ಪತ್ರ ಬರೆಯಬೇಕಾದವನು ಅವನೇ ಆದನು. ನಾನು ತಿದ್ದಿಕೊಟ್ಟ ಕರಡನ್ನು ಅವನು ತಂಡದವರ ಮುಂದೆ ಓದಿದನು. ತಂಡದ ಹಿರಿಯರು ಎರಡು ಸಲ ಓದಿಸಿ ಕೇಳಿದರಂತೆ.

"ಎಂದೆಂದಿಗೂ ಅಂತ ಬರ್ದೀಯಲ್ಲ, ತಮ್ಮಾ. ಅಷ್ಟು ದಿನ ನಾವೇ ಇರೋದಿಲ್ಲ. ಐದು ವರ್ಷ ಅಂತ ಮಾಡು. ಆಮೇಲೆ ಮತ್ತೆ ಬಂದು ಕೇಳು" ಎಂದರಂತೆ.

ಅವನು ಹಾಗೆಯೇ ತಿದ್ದಿದನು. ಅನಂತರ ಎಲ್ಲರೂ ಸಹಿ ಹಾಕಿದರು.