ಹತ್ತಕ್ಕೆ ಎಷ್ಟು?

ದಸರೆಯ ರಜಕ್ಕೆ ಹುಬ್ಬಳ್ಳಿಯಿಂದ ಪುಣೆಗೆ ಬಂದ ಅಕ್ಕನ ಮಗ ನಮ್ಮ ಮುಂದೆ ಒಂದು ಅರ್ಜಿ ಇಟ್ಟ. ಗುಮಾಸ್ತರಾದ ನಮಗೆ ಅರ್ಜಿ ಹೊಸದಲ್ಲ; ಅದರ ವಿಷಯ ಹೊಸದು. ಅವನ ಬಳಿ ಕ್ರಿಕೆಟ್ ಆಟಗಾರನೊಬ್ಬನ ಚಿತ್ರದ ಕಾರ್ಡಿದೆ. ಅದನ್ನು ಅಮೆರಿಕಕ್ಕೆ ಕಳಿಸಿ ಅಂಕ ಹಾಕಿಸಬೇಕಂತೆ. "ಹತ್ತು ಬಂದ್ರೆ ಬೆಲೆ ಎಷ್ಟೋ ಪಟ್ಟು ಏರ್ತದ ಮಾಮಾ. ಮೂರು ಸಾವಿರ ಬೇಕು. ನಾನು ಕೂಡಿಟ್ಟದ್ದು ಸಾವಿರದ ಇನ್ನೂರದ. ಉಳಿದದ್ದು ನೀವು ಕೊಡ್ರಿ."

ಅಂಕ ಹಾಕುವುದಕ್ಕೂ ಒಂದು ಕಚೇರಿಯೇ ಎಂದು ಓದುಗರು ನಗಬಾರದು. ಕ್ಯಾಲಿಫೋರ್ನಿಯದ ಪಿ.ಎಸ್.ಎ. ಎಂಬ ಸಂಸ್ಥೆ 1991ರಿಂದ ಇದೇ ಉದ್ಯೋಗ ನಡೆಸಿದೆ. ಕಾರ್ಡು ಅಸಲಿಯೋ ನಕಲಿಯೋ, ಚಿತ್ರ ನಟ್ಟನಡುವೆ ಕೂತಿದೆಯೋ, ಮೂಲೆ ಮೊಂಡಾಗಿದೆಯೋ, ಅಂಚು ಸವೆದಿದೆಯೋ, ಮೈಮೇಲೆ ಗೀರು ಬಿದ್ದಿದೆಯೋ ಎಂದು ಪರೀಕ್ಷಿಸಿ, ಒಂದರಿಂದ ಹತ್ತರೊಳಗೆ ಅಂಕವಿತ್ತು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಹಿಂದಿರುಗಿಸುತ್ತಾರೆ. (ನಮ್ಮ ವಾರ್ಷಿಕ ವರದಿಗೂ ಸಾಹೇಬರು ಹತ್ತಕ್ಕೇ ಅಂಕ ಕೊಡುವುದು. ನಮ್ಮ ಮೂಲೆಗಳು ಸವೆದದ್ದು ಅವರಿಗೆ ಚೆನ್ನಾಗಿ ಕಾಣುತ್ತದೆ.)

ಆ ಸಂಸ್ಥೆ ಮೊಟ್ಟಮೊದಲು ಅಂಕ ಕೊಟ್ಟ ಕಾರ್ಡಿನ ಕಥೆ ಸ್ವಾರಸ್ಯವಾಗಿದೆ. ಅದರಲ್ಲಿರುವುದು ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರ. 1909ರಿಂದ 1911ರವರೆಗೆ ಸಿಗರೇಟು ಪೊಟ್ಟಣಗಳಲ್ಲಿ ಬಂದ ಮಾಲೆಯದು. ಅದಕ್ಕೆ ಎಂಟು ಅಂಕ ಸಿಕ್ಕಿತು. 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಹಿಂದೆ ಅದನ್ನು ಮಾರಿದ್ದ ವ್ಯಾಪಾರಿಯೊಬ್ಬ, ಅಂಚು ಕತ್ತರಿಸಿ ನೇರ ಮಾಡಿದವನು ತಾನೇ ಎಂದು 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ! ಎಂಟು ಅಂಕ ಕೊಟ್ಟ ಕಣ್ಣಿಗೆ ಕತ್ತರಿಯ ಗುರುತು ಕಂಡಿರಲಿಲ್ಲ. ಇತ್ತ 2021ರಲ್ಲಿ ವ್ಯಾಗ್ನರನದೇ ಇನ್ನೊಂದು ಕಾರ್ಡು, ಬೇರೊಂದು ಸಂಸ್ಥೆಯಿಂದ ಬರೀ ಮೂರು ಅಂಕ ಪಡೆದದ್ದು, 66 ಲಕ್ಷ ಡಾಲರು ತಂದಿತು. ಅಷ್ಟು ಅಪರೂಪದ ಕಾರ್ಡಿಗೆ ಅಸಲಿ ಎಂಬ ಮುದ್ರೆಯೇ ದೊಡ್ಡದು. ಅಂಕ ಆಮೇಲಿನ ಮಾತು. ಅಂಥದ್ದಿದ್ದರೆ ಸಾಲ ಮಾಡಿಯಾದರೂ ಕಳಿಸಬಹುದು.

ನಮ್ಮ ಹುಡುಗನ ಕಾರ್ಡು ಅಂಥದ್ದಲ್ಲ. ಮೊನ್ನೆಮೊನ್ನೆ ಅಚ್ಚಾದದ್ದು, ಕೊಂಡವರೆಲ್ಲ ಮೊದಲ ದಿನದಿಂದಲೇ ಜೋಪಾನ ಮಾಡಿದ್ದಾರೆ. ಇಂಥದ್ದಕ್ಕೆ ಹತ್ತು ಬಂದರೆ ಲಾಭ, ಒಂಬತ್ತು ಬಂದರೆ ಹಾಕಿದ ದುಡ್ಡು ಹುಟ್ಟುವುದೇ ಕಷ್ಟ. ಅಂಕದ ಶುಲ್ಕವೇ 20 ಡಾಲರು ಮೀರುತ್ತದೆ. ಅದರ ಮೇಲೆ ಹೋಗಿಬರುವ ಅಂಚೆ, ವಿಮೆ. 500 ರೂಪಾಯಿಯ ಕಾರ್ಡಿಗೆ 3,000 ಖರ್ಚು!

ನಮ್ಮ ತಂದೆಯವರು ಪಂಚಾಂಗ ನೋಡುವ ಭೂತಗನ್ನಡಿ ತಂದು ನೋಡಿದೆವು. ಮೇಲಿನ ಒಂದು ಮೂಲೆ ಸವೆದು ಬೆಳ್ಳಗಾಗಿದೆ. ಚಿತ್ರ ಕೂದಲೆಳೆಯಷ್ಟು ಬಲಕ್ಕೆ ಸರಿದಿದೆ. ಹುಡುಗನ ಮುಖ ಸಪ್ಪಗಾಯಿತು.

"ಇರಲಿ, ಹತ್ತೇ ಬಂತು ಅನ್ನು. ಯಾರಿಗೆ ಮಾರುತ್ತಿದ್ದೆ?" ಎಂದೆವು.

"ಮಾರೂದಾ?" ಎಂದು ಕಾರ್ಡನ್ನು ಎದೆಗವಚಿಕೊಂಡ. "ಇದನ್ನ ಯಾರರೆ ಮಾರ್ತಾರೇನು ಮಾಮಾ?"

ನಮ್ಮ ಲೆಕ್ಕದ ಕಾಗದವನ್ನು ಮಡಿಸಿ ಜೇಬಿಗಿಟ್ಟೆವು. ಮರುದಿನ ಕಚೇರಿಯಿಂದ ಬರುವಾಗ ಐದು ರೂಪಾಯಿಯ ಪ್ಲಾಸ್ಟಿಕ್ ಚೀಲವೊಂದನ್ನು ತಂದುಕೊಟ್ಟೆವು. ಅಜ್ಜ ಆರು ಅಂಕ ಕೊಟ್ಟಿದ್ದಾರೆ. ಮೊಮ್ಮಗ ಎಂಟಕ್ಕಿಂತ ಕೆಳಗಿಳಿಯಲು ಒಪ್ಪಿಲ್ಲ.