ಯಾರ ಮಗನೂ ಅಲ್ಲದ ನಾಯಕ

ಇಶಾ ನಮಾಝ್ ಮುಗಿಸಿ ಮನೆಗೆ ಮರಳಿದಾಗ ಮಗ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿದ್ದರೆ ನಾವು ನೆಮ್ಮದಿಪಡುತ್ತೇವೆ. ಅವನ ಅಂಗೈಯ ಯಂತ್ರದೊಳಗೆ ಏನು ನಡೆಯುತ್ತಿದೆಯೆಂದು ನೋಡುವುದಿಲ್ಲ.

2009ರಲ್ಲಿ ಸೋನಿಯ ಪಿಎಸ್‌ಪಿಗೆ ಬಂದ ‘ಅಸ್ಸಾಸಿನ್ಸ್ ಕ್ರೀಡ್: ಬ್ಲಡ್‌ಲೈನ್ಸ್’ ಆಟವನ್ನೇ ತೆಗೆದುಕೊಳ್ಳಿ. ಕ್ರುಸೇಡ್ ಕಾಲದ ಸೈಪ್ರಸ್‌ನಲ್ಲಿ ಹೊಂಚು ಹಾಕಿ, ಹಿಂದಿನಿಂದ ಬಂದು, ತೋಳಿನಲ್ಲಿ ಅಡಗಿಸಿದ ಅಲಗಿನಿಂದ ಇರಿಯುವುದೇ ನಾಯಕ ಅಲ್ತಾಯಿರನ ಶೌರ್ಯ. ಸತ್ಯವೆಂಬುದಿಲ್ಲ, ಎಲ್ಲವೂ ಸಮ್ಮತ ಎಂಬುದು ಅವನ ಪಂಥದ ತತ್ವ. ಹಲಾಲ್-ಹರಾಮ್‌ಗಳ ಗೆರೆಯನ್ನು ಕಲಿಯಬೇಕಾದ ವಯಸ್ಸಿಗೆ ಇದೆಂಥ ಪಾಠ?

‘ಆಟವಷ್ಟೇ’ ಎನ್ನುವವರಿದ್ದಾರೆ. ಆಡಿದವರೆಲ್ಲ ಕೊಲೆಗಾರರಾಗುತ್ತಾರೆಂದು ನಾವೂ ಹೇಳುವುದಿಲ್ಲ. ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದವರು. ಆಟ ನಮಗೆ ನಿಷಿದ್ಧವಲ್ಲ. ಆದರೆ 1175 ಮತ್ತು 1176ರಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಶಿಬಿರಕ್ಕೆ ನುಸುಳಿ ಅವರ ಹತ್ಯೆಗೆ ಯತ್ನಿಸಿದವರು, ಈ ಆಟಕ್ಕೆ ಸ್ಫೂರ್ತಿಯಾದ ಪಂಥದ ಹಂತಕರೇ. ಅಲ್ತಾಯಿರನ ಒಂದೊಂದು ವರಸೆಯನ್ನೂ ಬಲ್ಲ ನಮ್ಮ ಮಗನಿಗೆ ಸಲಾಹುದ್ದೀನರ ಬಗ್ಗೆ ಏನು ಗೊತ್ತು? ಒಬ್ಬ ನಿರಪರಾಧಿಯ ಹತ್ಯೆಯನ್ನು ಇಡೀ ಮನುಕುಲದ ಹತ್ಯೆಗೆ ಸಮವೆಂದ ಪವಿತ್ರ ಕುರ್‌ಆನಿನ ಬೋಧನೆಯನ್ನು ಅವನಿಗೆ ವಿವರಿಸಿದವರು ಯಾರು?

ಮಗುವಿನ ಗಲಾಟೆ ತಪ್ಪಲೆಂದು ಆ ಯಂತ್ರವನ್ನು ಕೊಡಿಸಿದವರು ನಾವೇ. ಆ ನಾಯಕನ ಪೂರ್ಣ ಹೆಸರು ಅಲ್ತಾಯಿರ್ ಇಬ್ನ್ ಲಾ ಅಹದ್. ಇಬ್ನ್ ಲಾ ಅಹದ್ ಎಂದರೆ ಯಾರ ಮಗನೂ ಅಲ್ಲದವನು. ನಮ್ಮ ಮಕ್ಕಳಿಗೆ ತಂದೆ-ತಾಯಿ ಇದ್ದಾರೆ. ಇಂದು ರಾತ್ರಿ ಅವರ ಪಕ್ಕ ಕುಳಿತು ಆ ಪರದೆಯನ್ನು ನೋಡೋಣ. ಬಳಿಕ ಸಲಾಹುದ್ದೀನರ ಕಥೆ ಹೇಳೋಣ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ನಾಳೆ ಅದರ ಲೆಕ್ಕ ಕೊಡಬೇಕಾದವರು ನಾವು.