ಶುಲ್ಕದ ಮೇಲೊಂದು ದಂಡ



ಜೂನ್ ಬಂತೆಂದರೆ ಪುಸ್ತಕ, ಸಮವಸ್ತ್ರ, ಕೊಡೆ, ವ್ಯಾನಿನ ಬಾಡಿಗೆ ಎಲ್ಲವೂ ಒಮ್ಮೆಲೇ ಎದುರು ನಿಲ್ಲುತ್ತವೆ. ಶುಲ್ಕದ ಕಂತು ಹಿಂದೆ ಬೀಳುತ್ತದೆ, ಅದಕ್ಕೆ ದಂಡ ಸೇರುತ್ತದೆ. ದಿನಕ್ಕೆ 10 ರೂಪಾಯಿ ತಾನೇ ಎಂದು ಹಗುರವಾಗಿ ಕಾಣಬೇಡಿ. ಒಂದು ತಿಂಗಳು ತಡವಾದರೆ 300, ಮೂವರು ಮಕ್ಕಳಿದ್ದರೆ 900 ರೂಪಾಯಿ.

ಶಿಕ್ಷಕಿಯಾಗಿ ನಾನು ಕಂಡಿರುವುದೇನೆಂದರೆ, ಕೈಯಲ್ಲಿ ಹಣವಿಲ್ಲದ ತಾಯಿ ನಾಚಿಕೆಯಿಂದ ಶಾಲೆಯ ಕಡೆ ಬರುವುದನ್ನೇ ನಿಲ್ಲಿಸುತ್ತಾಳೆ. ಆ ಮೌನದಲ್ಲೇ ದಂಡ ಬೆಳೆಯುತ್ತದೆ. ಕೊನೆಗೆ ಕಚೇರಿಯ ಚೀಟಿ ಮಗುವಿನ ಕೈಗೆ ಬರುತ್ತದೆ.

ಆದ್ದರಿಂದ ಗಡುವಿಗೆ ಮೊದಲೇ ಹೋಗಿ. ಈಗ ಎಷ್ಟು ಕಟ್ಟುತ್ತೀರಿ, ಉಳಿದದ್ದನ್ನು ಯಾವ ತಾರೀಕಿಗೆ ಕಟ್ಟುತ್ತೀರಿ ಎಂದು ಬರೆದು, ದಂಡ ಮನ್ನಾ ಮಾಡುವಂತೆ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಡಿ. ಪ್ರತಿಗೆ ಸಹಿ ಪಡೆದು ಇಟ್ಟುಕೊಳ್ಳಿ. ಗಡುವು 5ನೇ ತಾರೀಕಿಗಿದ್ದು, ಗಲ್ಫ್‌ನಲ್ಲಿರುವ ಯಜಮಾನರ ಹಣ 10ಕ್ಕೆ ಬರುವುದಾದರೆ ಅದನ್ನೂ ತಿಳಿಸಿ. ರಶೀದಿಯಲ್ಲಿ ಶುಲ್ಕ, ದಂಡ ಬೇರೆ ಬೇರೆಯಾಗಿ ನಮೂದಾಗಿದೆಯೇ ನೋಡಿ.

ದಂಡಕ್ಕೆ ಹೆದರಿ ಬಡ್ಡಿ ಸಾಲಕ್ಕೆ ಮಾತ್ರ ಹೋಗಬೇಡಿ. ತಿಂಗಳಿಗೆ ನೂರಕ್ಕೆ 5ರಂತೆ 5,000 ರೂಪಾಯಿ ತಂದರೆ ಬಡ್ಡಿಯೇ 250. ಅಸಲು ತೀರುವ ತನಕ ಅದು ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ. ಹರಾಮ್‌ನ ಹೊರೆ ಬೇರೆ.

ಶುಲ್ಕ ಬಾಕಿಯೆಂದು ಮಗುವನ್ನು ತರಗತಿಯಲ್ಲಿ ನಿಲ್ಲಿಸಿದರೆ ಸುಮ್ಮನಿರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಾಗೆಂದು ನಮ್ಮವರೇ ನಡೆಸುವ ಶಾಲೆಗಳು ಮಗುವನ್ನು ಅವಮಾನಿಸಬಹುದೇ? ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ನೀಡಬೇಕೆಂಬುದು ಸೂರಃ ಅಲ್ ಬಕರದ 280ನೇ ಸೂಕ್ತದ ಬೋಧನೆ. ಆಡಳಿತ ಮಂಡಳಿಯ ಮುಂದೆ ಇದನ್ನು ವಿನಯದಿಂದಲೇ ನೆನಪಿಸಿ.

ಆದರೆ ನಮ್ಮ ಕಡೆಗೂ ನೋಡಿಕೊಳ್ಳೋಣ. ಮದುವೆಯ ಉಡುಗೊರೆಗೆ, ಹೊಸ ಮೊಬೈಲಿಗೆ ಹಣವಿದ್ದು, ಶುಲ್ಕಕ್ಕೆ ಮಾತ್ರ ಇಲ್ಲವೆನ್ನುವುದು ಸರಿಯೇ? ಉಳ್ಳವರು ಸಾಲ ತೀರಿಸಲು ಸತಾಯಿಸುವುದು ಅನ್ಯಾಯವೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಆ ಶುಲ್ಕದಿಂದಲೇ ಸಂಬಳ ಪಡೆಯುವ ಶಿಕ್ಷಕಿಯ ಮನೆಯಲ್ಲೂ ಒಲೆ ಉರಿಯಬೇಕಲ್ಲವೇ?

ಗಡುವಿನ ತಾರೀಕನ್ನು ಇಂದೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಾರಕ್ಕೆ 200 ರೂಪಾಯಿ ಬದಿಗಿಟ್ಟರೂ ವರ್ಷಕ್ಕೆ 10,400 ಆಗುತ್ತದೆ. ಮುಂದಿನ ಜೂನ್‌ನಲ್ಲಿ ನಿಮ್ಮ ಮಗು ತಲೆಯೆತ್ತಿ ಶಾಲೆಗೆ ಹೋಗುವಂತಾಗಲಿ.